ಮಸ್ಕತ್ ಬಂದರಿನಲ್ಲಿ ಒಂದು ದಿನದ ಕಾರು

ಪ್ರವಾಸವೆಂದರೆ ನಮ್ಮ ಮನೆಗಳಲ್ಲಿ ಗಂಡಸರು ಮುಂದೆ, ನಾವು ಹಿಂದೆ. ಟಿಕೆಟು, ಪಾಸ್‌ಪೋರ್ಟು, ಹಣ ಎಲ್ಲವೂ ಅವರ ಕೈಯಲ್ಲಿ. ತಿಂಡಿಯ ಡಬ್ಬ, ಮಾತ್ರೆಯ ಪೊಟ್ಟಣ, ಮಕ್ಕಳ ಸ್ವೆಟರ್ ನಮ್ಮ ಕೈಯಲ್ಲಿ. ನೀವೂ ಹೀಗೆಯೇ ಎಷ್ಟೋ ಕಡೆ ಹೋಗಿ ಬಂದಿರುತ್ತೀರಿ. ನಾನೂ ಹಾಗೆಯೇ ಇದ್ದೆ. ಕಳೆದ ಚಳಿಗಾಲದಲ್ಲಿ ಮಸ್ಕತ್ ಬಂದರಿನಲ್ಲಿ ಒಂದೇ ಒಂದು ದಿನ ಈ ಕ್ರಮ ತಲೆಕೆಳಗಾಯಿತು. ಆ ದಿನದ ಕತೆಯನ್ನು ನಿಮಗೆ ಹೇಳಬೇಕು. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ದುಬೈಯಲ್ಲಿರುವ ನನ್ನ ಮೈದುನ ತಾಯಿಯನ್ನು ಹಡಗಿನಲ್ಲಿ ಸುತ್ತಾಡಿಸಬೇಕೆಂದು ಹಟ ಹಿಡಿದಿದ್ದ. ಚಳಿಗಾಲದಲ್ಲಿ ದುಬೈಯಿಂದ ಹೊರಟು ಮಸ್ಕತ್‌ನಲ್ಲಿ ಒಂದು ಹಗಲು ನಿಂತು ಮರಳುವ ಪ್ರವಾಸಿ ಹಡಗುಗಳಿವೆ. ಮಸ್ಕತ್ ಎಂಬ ಹೆಸರು ಕೇಳಿದ ಕೂಡಲೇ ಅದುವರೆಗೆ "ಈ ಮೊಣಕಾಲಿಗೆ ಹಡಗೂ ಬೇಡ, ವಿಮಾನವೂ ಬೇಡ" ಎನ್ನುತ್ತಿದ್ದ ಮಾಮಿ ಸುಮ್ಮನಾದರು. ಅವರಿಗೆ ಎಪ್ಪತ್ತೊಂದು ವರ್ಷ. ಮಾಮ 1978ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಮಸ್ಕತ್‌ಗೆ ಹೋದವರು. ಬೊಂಬಾಯಿ, ಕರಾಚಿ, ಮಸ್ಕತ್ ಎಂದು ಕೊಲ್ಲಿಯ ಊರುಗಳಿಗೆ ಹೋಗುತ್ತಿದ್ದ 'ದ್ವಾರಕಾ' ಹಡಗು 1982ರವರೆಗೂ ಓಡಾಡುತ್ತಿತ್ತು. ಮತ್ರಾ ಎಂಬಲ್ಲಿಯ ಹಳೇ ಪೇಟೆಯಲ್ಲಿ, ಒಂದು ಬಟ್ಟೆಯ ಅಂಗಡಿಯಲ್ಲಿ ಅವರು ಹತ್ತೊಂಬತ್ತು ವರ್ಷ ದುಡಿದರು. ಎರಡು ವರ್ಷಕ್ಕೊಮ್ಮೆ ರಜೆ. ಕುಟುಂಬವನ್ನು ಕರೆಸಿಕೊಳ್ಳುವಷ್ಟು ಸಂಬಳ ಯಾವತ್ತೂ ಇರಲಿಲ್ಲ. 1997ರಲ್ಲಿ ಊರಿಗೆ ಮರಳಿದರು. ಅವರು ತೀರಿಕೊಂಡು ಈಗ ಎಂಟು ವರ್ಷ. ಗಂಡ ಅರ್ಧ ಆಯುಷ್ಯ ಕಳೆದ ಊರನ್ನು ಮಾಮಿ ನೋಡಿಯೇ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದಗಳಲ್ಲಿ ಓದಿದ್ದಷ್ಟೇ ಅವರ ಮಸ್ಕತ್.

ಹಡಗು ಬೆಳಗ್ಗೆ ಏಳಕ್ಕೆ ದಡ ಮುಟ್ಟುತ್ತದೆ, ಸಂಜೆ ಐದೂವರೆಯೊಳಗೆ ಎಲ್ಲರೂ ಹಡಗಿನಲ್ಲಿರಬೇಕು. ಇದ್ದದ್ದು ಇಷ್ಟೇ ಹೊತ್ತು. ಹಡಗಿನವರ ಪ್ರವಾಸಿ ಬಸ್ಸು ಇತ್ತು. ಆದರೆ ತಲೆಗಿಷ್ಟೆಂದು ದುಡ್ಡು ತೆತ್ತು, ಬಾವುಟ ಹಿಡಿದ ಗೈಡ್‌ನ ಹಿಂದೆ ಓಡಲು ಮಾಮಿಯಿಂದ ಸಾಧ್ಯವಿಲ್ಲ. ಟ್ಯಾಕ್ಸಿಯಾದರೆ ಪ್ರತಿ ಸಲ ಚೌಕಾಸಿ, ಕಾಯಿಸಿದರೆ ಮುಖ ಗಂಟು. ಕೊನೆಗೆ ದಿನದ ಬಾಡಿಗೆಗೆ ಕಾರು ತೆಗೆದುಕೊಳ್ಳುವುದೆಂದು ತೀರ್ಮಾನಿಸಿ, ಊರಿನಿಂದಲೇ ಇಂಟರ್ನೆಟ್‌ನಲ್ಲಿ ಕಾಯ್ದಿರಿಸಿದೆವು.

ಇಲ್ಲೇ ಮೊದಲ ತೊಡಕು ಎದುರಾದದ್ದು. ವಿದೇಶದಲ್ಲಿ ವಾಹನ ಓಡಿಸಲು ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಕೇಳುತ್ತಾರೆ. ಅದನ್ನು ಊರು ಬಿಡುವ ಮೊದಲೇ ನಮ್ಮ ಆರ್‌ಟಿಓ ಕಚೇರಿಯಿಂದ ಪಡೆದುಕೊಳ್ಳಬೇಕು. ನಮ್ಮ ಲೈಸನ್ಸ್ ಚಾಲ್ತಿಯಲ್ಲಿದ್ದು, ಪಾಸ್‌ಪೋರ್ಟ್ ಇದ್ದರೆ ಅದು ಕಷ್ಟದ ಕೆಲಸವಲ್ಲ. ಒಂದು ವರ್ಷದವರೆಗೆ ನಡೆಯುತ್ತದೆ. ನಮ್ಮವರು ತಮ್ಮ ಲೈಸನ್ಸ್ ತೆಗೆದು ನೋಡಿದರೆ ಅದರ ಅವಧಿ ಮುಗಿದು ಐದು ತಿಂಗಳಾಗಿತ್ತು! ನವೀಕರಿಸಲು ದಿನ ಉಳಿದಿರಲಿಲ್ಲ. ಚಾಲ್ತಿಯಲ್ಲಿದ್ದದ್ದು ನನ್ನದು ಮಾತ್ರ. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರ್ಕೆಟ್ಟಿಗೆ ನಮ್ಮ ಹಳೇ ಮಾರುತಿ ಓಡಿಸಿದ್ದಷ್ಟೇ ನನ್ನ ಅನುಭವ. "ನಿನ್ನಿಂದಾಗುತ್ತದೆಯೇ?" ಎಂದು ಇವರು ಕೇಳಿದರು. ನಾನು ಉತ್ತರಿಸುವ ಮೊದಲೇ ಮಾಮಿ, "ಆಗದೆ ಏನು? ದಿನಾ ನನ್ನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವುದು ಯಾರು?" ಎಂದರು. ಒಮಾನ್‌ನಲ್ಲಿ ಹೆಂಗಸರು ಕಾರು ಓಡಿಸುವುದು ಹೊಸತೇನಲ್ಲ. ಪಕ್ಕದ ಸೌದಿಯಲ್ಲಿ 2018ರ ಜೂನ್‌ನಲ್ಲಷ್ಟೇ ಅದಕ್ಕೆ ಅನುಮತಿ ಸಿಕ್ಕಿದ್ದು.

ಬಂದರಿನೊಳಗೆ ನಡೆದಾಡಲು ಬಿಡುವುದಿಲ್ಲ. ಬಸ್ಸಿನಲ್ಲಿ ಗೇಟಿನವರೆಗೆ ತಂದು ಬಿಡುತ್ತಾರೆ. 'ಸುಲ್ತಾನ್ ಖಾಬೂಸ್ ಬಂದರು' ಎಂದು ಇದರ ಹೆಸರು. 2014ರಲ್ಲಿ ಸರಕು ಹಡಗುಗಳನ್ನು ಸೊಹಾರ್ ಬಂದರಿಗೆ ವರ್ಗಾಯಿಸಿ ಇದನ್ನು ಪ್ರವಾಸಿಗರಿಗಾಗಿ ಮೀಸಲಿಟ್ಟಿದ್ದಾರೆ. ಗೇಟಿನ ಹೊರಗೆ ಬಾಡಿಗೆಯ ಕಂಪೆನಿಯ ಯುವಕ ಕಾರು ತಂದು ನಿಲ್ಲಿಸಿದ್ದ. ಕಾಗದಪತ್ರಗಳನ್ನೆಲ್ಲ ನಮ್ಮವರ ಮುಂದೆ ಹಿಡಿದ. ಅವರು ನನ್ನತ್ತ ಕೈ ತೋರಿಸಿದರು. ಪಾಸ್‌ಪೋರ್ಟ್, ಊರಿನ ಲೈಸನ್ಸ್, ಅಂತಾರಾಷ್ಟ್ರೀಯ ಪರವಾನಗಿ ಮೂರನ್ನೂ ನೋಡಿದ. ಆಮೇಲೆ ಠೇವಣಿಗೆ ಕ್ರೆಡಿಟ್ ಕಾರ್ಡ್ ಕೇಳಿದ. ಕಾರ್ಡ್ ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲೇ ಇರಬೇಕಂತೆ. ಇವರ ಕಾರ್ಡಿನ ಜೊತೆಗೆ ನನ್ನ ಹೆಸರಿನಲ್ಲೊಂದು ಕಾರ್ಡ್ ಬಂದು ಎರಡು ವರ್ಷ ಬೀರುವಿನಲ್ಲಿ ಬಿದ್ದಿತ್ತು. ಹೊರಡುವಾಗ ಅದನ್ನು ಪರ್ಸಿಗೆ ಹಾಕಿಕೊಂಡದ್ದು ಅಲ್ಲಾಹನ ದಯೆ ಎನ್ನಬೇಕು. ಠೇವಣಿ ನೂರು ರಿಯಾಲ್ ಎಂದಾಗ ನೂರೇ ತಾನೇ ಎನಿಸಿತ್ತು. ಒಂದು ಒಮಾನಿ ರಿಯಾಲ್ ಎಂದರೆ ಇನ್ನೂರಕ್ಕೂ ಮೀರಿದ ರೂಪಾಯಿ ಎಂದು ಲೆಕ್ಕ ಹಾಕಿದಾಗ ಎದೆ ಝಲ್ಲೆಂದಿತು.

ಸಹಿ ಹಾಕುವ ಮೊದಲು ಮಗಳು ಮೊಬೈಲಿನಲ್ಲಿ ಕಾರಿನ ನಾಲ್ಕೂ ಬದಿಯ ಫೋಟೋ ತೆಗೆದಳು. ಹಿಂಬದಿಯ ಬಂಪರಿನಲ್ಲಿ ಬೆರಳುದ್ದದ ಒಂದು ಗೀರು ಇತ್ತು. ಅದರದ್ದೂ ಒಂದು ತೆಗೆದಳು. ಈ ಗೀರಿನ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ವಾಹನ ರಸ್ತೆಯ ಎಡಗಡೆ ಹೋದರೆ ಅಲ್ಲಿ ಬಲಗಡೆ. ಸ್ಟಿಯರಿಂಗ್ ಎಡಕ್ಕೆ. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಓಡುತ್ತಿತ್ತು. ಮಳೆಯೇ ಅಪರೂಪವಾದ ಊರಿನಲ್ಲಿ ಗಾಜು ಒರೆಸುತ್ತ ಹೊರಟ ನಮ್ಮನ್ನು ನೋಡಿ ಪಕ್ಕದ ಕಾರಿನವರು ನಕ್ಕರು. ಪಕ್ಕದಲ್ಲಿ ಕುಳಿತ ಇವರು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದರು. ವೃತ್ತಗಳಲ್ಲಿ ಒಳಗಿರುವ ವಾಹನಕ್ಕೆ ಮೊದಲ ಹಕ್ಕು. ಅದು ನಿಮ್ಮ ಎಡಗಡೆಯಿಂದ ಬರುತ್ತದೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಬಲಕ್ಕೇ ಹೋಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಕೈ ಹದಕ್ಕೆ ಬಂತು. ಅಲ್ಲಿಯವರು ಸುಮ್ಮಸುಮ್ಮನೆ ಹಾರ್ನ್ ಮಾಡದಿದ್ದದ್ದು ನನಗೆ ದೊಡ್ಡ ಉಪಕಾರವಾಯಿತು.

ಮೊದಲು ದೊಡ್ಡ ಮಸೀದಿಗೆ, ಆಮೇಲೆ ಮತ್ರಾ ಪೇಟೆಗೆ ಎಂದು ನಮ್ಮ ಯೋಜನೆ. ಸುಲ್ತಾನ್ ಖಾಬೂಸ್ ಮಸೀದಿ ಬಂದರಿನಿಂದ ಸುಮಾರು ಇಪ್ಪತ್ತು ಕಿ.ಮೀ. ದೂರ, ಹೆದ್ದಾರಿಯ ಪಕ್ಕದಲ್ಲೇ ಇದೆ. ಅದೇ ನನಗೆ ಮುಳುವಾಯಿತು. ಮಿನಾರ ಎಡಗಡೆ ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗಲು ಮೊದಲೇ ಬಲಕ್ಕಿಳಿದು ಮೇಲ್ಸೇತುವೆ ದಾಟಬೇಕಿತ್ತು. ಮಿನಾರ ನೋಡುತ್ತಾ ಆ ಇಳಿಜಾರನ್ನು ಬಿಟ್ಟೆ. ಕಾರು ವಿಮಾನ ನಿಲ್ದಾಣದ ಕಡೆ ಓಡತೊಡಗಿತು. ಇವರ ದನಿ ಏರಿತು. ನನ್ನ ಅಂಗೈ ಬೆವರಿತು. ಹಿಂದಿನಿಂದ ಮಾಮಿ ಹೇಳಿದರು: "ದಾರಿ ತಪ್ಪಿದರೆ ಏನಾಯಿತು, ಇನ್ನೂ ಸ್ವಲ್ಪ ಮಸ್ಕತ್ ನೋಡಿದ ಹಾಗಾಯಿತು." ತಿರುಗಿ ಬರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು.

ಈ ಮಸೀದಿಯ ಕೆಲಸ ಶುರುವಾದದ್ದು 1995ರಲ್ಲಿ, ತೆರೆದದ್ದು 2001ರಲ್ಲಿ. "ಇಲ್ಲಿ ಬಹಳ ದೊಡ್ಡ ಮಸೀದಿ ಕಟ್ಟುತ್ತಿದ್ದಾರೆ" ಎಂದು ಮಾಮ ಒಂದು ಕಾಗದದಲ್ಲಿ ಬರೆದಿದ್ದರಂತೆ. ಮುಗಿಯುವ ಮೊದಲೇ ಅವರು ಊರಿಗೆ ಬಂದಿದ್ದರು. ಗೋಡೆಗಳಿಗೆ ಬಳಸಿದ್ದು ಭಾರತದಿಂದ ಹೋದ ಮೂರು ಲಕ್ಷ ಟನ್ ಮರಳುಗಲ್ಲು. ಒಳಗೆ ನಾಲ್ಕು ಸಾವಿರ ಚದರ ಮೀಟರಿಗೂ ದೊಡ್ಡದಾದ ಒಂದೇ ಜಮಖಾನ. ತೂಕ 21 ಟನ್. ಇರಾನಿನ ಆರುನೂರು ಹೆಂಗಸರು ನಾಲ್ಕು ವರ್ಷ ಕುಳಿತು, 170 ಕೋಟಿ ಗಂಟುಗಳನ್ನು ಕೈಯಿಂದಲೇ ಹಾಕಿ ನೇಯ್ದದ್ದು. ತಲೆಯ ಮೇಲೆ 14 ಮೀಟರ್ ಎತ್ತರದ ಗೊಂಚಲು ದೀಪ. ಪ್ರವಾಸಿಗರೆಲ್ಲ ದೀಪ ನೋಡುತ್ತ ನಿಂತರೆ ಮಾಮಿ ಬಗ್ಗಿ ಜಮಖಾನದ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಬೀಡಿ ಸುತ್ತಿ ಮೂರು ಮಕ್ಕಳನ್ನು ಓದಿಸಿದ ಬೆರಳುಗಳವು. "ಎಷ್ಟು ಜನರ ಕಣ್ಣು ಹೋಗಿರಬಹುದು" ಎಂದಷ್ಟೇ ಹೇಳಿದರು. ಹೆಂಗಸರ ವಿಭಾಗದಲ್ಲಿ ಲುಹರ್ ನಮಾಝ್ ಮುಗಿಸಿ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, "ಅವರು ನೋಡದ್ದನ್ನು ನಾನು ನೋಡಿದೆ" ಎಂದರು.

ಮತ್ರಾಕ್ಕೆ ಮರಳುವಾಗ ಒಂದೂವರೆ. ನಾವು ತಿಳಿದುಕೊಳ್ಳದೇ ಹೋದ ಸಂಗತಿ ಅಲ್ಲಿ ಕಾದಿತ್ತು. ಮಧ್ಯಾಹ್ನ ಪೇಟೆಯ ಅಂಗಡಿಗಳು ಬಾಗಿಲು ಹಾಕುತ್ತವೆ, ಮತ್ತೆ ತೆರೆಯುವುದು ನಾಲ್ಕಕ್ಕೆ. ಹಾದಿಯುದ್ದಕ್ಕೂ ಮುಚ್ಚಿದ ಶಟರುಗಳು. "ಎರಡೂವರೆ ಗಂಟೆ ಸುಮ್ಮನೆ ಕಾಯುವುದೇಕೆ? ಅರಮನೆ, ಕೋಟೆ, ಬೀಚ್ ನೋಡಿ ಬರೋಣ" ಎಂದರು ಇವರು. ಮಾಮಿ ಏನೂ ಅನ್ನಲಿಲ್ಲ. ಕಿಟಕಿಯಿಂದ ಪೇಟೆಯ ಬಾಗಿಲನ್ನೇ ನೋಡುತ್ತಿದ್ದರು. ಇನ್ನೊಮ್ಮೆ ದಾರಿ ತಪ್ಪಿದರೆ ಅವರ ದಿನ ಮುಗಿದಂತೆ. ಕಾರಿನ ಕೀಲಿ ನನ್ನ ಕೈಯಲ್ಲಿತ್ತು. "ಇವತ್ತು ಬೇರೆಲ್ಲೂ ಹೋಗುವುದಿಲ್ಲ, ಇಲ್ಲೇ ಕಾಯೋಣ" ಎಂದೆ. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಪ್ರವಾಸದ ಮಧ್ಯೆ ಹೀಗೆ ನಾನು ಹೇಳಿದ್ದು ಅದೇ ಮೊದಲು. ಇವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಊಟ ತರಲು ಹೋದರು.

ಸಮುದ್ರದಂಚಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಅನ್ನ, ಮೀನು ತಿಂದೆವು. ಮಾಮಿ ಸೀಟು ಹಿಂದಕ್ಕೆ ಮಾಡಿ ಕಾಲು ಚಾಚಿದರು. ಎದುರಿಗೆ ನಮ್ಮ ಹಡಗು, ಹಿಂದೆ ಬೋಳು ಬೆಟ್ಟದ ಮೇಲೆ ಪೋರ್ಚುಗೀಸರ ಕಾಲದ ಕೋಟೆ. ಪೋರ್ಚುಗೀಸರು 1507ರಲ್ಲಿ ಬಂದು 1650ರವರೆಗೆ ಮಸ್ಕತ್ತನ್ನು ಹಿಡಿದಿದ್ದರು. ಮಗಳಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಟಿಪ್ಪು ಸುಲ್ತಾನರು ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇಟ್ಟಿದ್ದರು. ನಮ್ಮ ಮಂಗಳೂರಿನ ಅಕ್ಕಿ, ಮೆಣಸು, ಏಲಕ್ಕಿ ಇಲ್ಲಿಗೆ ಬರುತ್ತಿತ್ತು. ರೇಷ್ಮೆ ಹುಳು ಸಂಪಾದಿಸಿ ಕಳಿಸುವಂತೆ ಇಲ್ಲಿಯ ತಮ್ಮ ಅಧಿಕಾರಿಗೆ ಅವರು ಪತ್ರ ಬರೆದಿದ್ದರು. "ಹಾಗಾದರೆ ಅಜ್ಜನಿಗಿಂತ ಮೊದಲೇ ನಮ್ಮ ಕಡೆಯವರು ಇಲ್ಲಿದ್ದರು" ಎಂದಳು ಅವಳು.

ನಾಲ್ಕಕ್ಕೆ ಶಟರುಗಳು ಏಳತೊಡಗಿದವು. ಮಾಮಿಯ ಕೈ ಹಿಡಿದು ಒಳಗೆ ಹೋದೆವು. ಬಿಸಿಲು ಬೀಳದ ಇಕ್ಕಟ್ಟಾದ ಗಲ್ಲಿಗಳು, ಲುಬಾನಿನ ಹೊಗೆ, ಬೆಳ್ಳಿಯ ಕಠಾರಿಗಳು, ಹಲ್ವದ ಬಟ್ಟಲುಗಳು. ಪೇಟೆಯ ಮುಖ್ಯ ದಾರಿ ಹಿಂದೆ ಬೆಟ್ಟದ ನೀರು ಹರಿಯುವ ಹಳ್ಳವಾಗಿತ್ತು. ಜೋರು ಮಳೆ ಬಂದರೆ ಈಗಲೂ ನೀರು ನುಗ್ಗುತ್ತದೆ. "ನಿನ್ನೆ ಮೊಣಕಾಲುದ್ದ ನೀರು ಬಂತು, ಥಾನುಗಳನ್ನೆಲ್ಲ ಮೇಲಿನ ಹಲಗೆಗೆ ಎತ್ತಿಟ್ಟೆವು" ಎಂದು ಮಾಮ ಬರೆದದ್ದನ್ನು ಮಾಮಿ ನೆನಪಿಸಿಕೊಂಡರು. ಅಂಗಡಿಯ ಹೆಸರು ಹೇಳಿ ಐದಾರು ಕಡೆ ವಿಚಾರಿಸಿದೆವು. ಯಾರಿಗೂ ಗೊತ್ತಿಲ್ಲ. ಒಬ್ಬ ಮುದುಕರು ಮಾತ್ರ, ಆ ಸಾಲಿನ ಬಟ್ಟೆಯಂಗಡಿಗಳು ಹೋಗಿ ಈಗ ಅತ್ತರು, ಲುಬಾನಿನ ಅಂಗಡಿಗಳಾಗಿವೆ ಎಂದು ಕೈ ತೋರಿಸಿದರು. ಮೂರು ಮೆಟ್ಟಿಲು ಏರಿಸಿ ಕಟ್ಟಿದ ಹಲವು ಅಂಗಡಿಗಳು ಅಲ್ಲಿದ್ದವು. ಯಾವುದು ಎಂದು ಹೇಳುವುದು ಹೇಗೆ?

ಮಾಮಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. "ಇದೇ ಆಗಬೇಕೆಂದಿಲ್ಲ. ಈ ಗಲ್ಲಿಯಲ್ಲಿ ಓಡಾಡಿದ್ದಾರಲ್ಲ, ಸಾಕು" ಎಂದರು. ಅಂಗಡಿಯವನು ಒಂದು ಲೋಟ ನೀರು ತಂದುಕೊಟ್ಟ. ಅವನ ಬಳಿ ಒಂದು ಹಿಡಿ ಲುಬಾನು ಕೊಂಡೆವು. ಮಾಮಿ ತಾವೇ ದುಡ್ಡು ಕೊಟ್ಟರು.

ಐದು ಗಂಟೆಗೆ ಪೆಟ್ರೋಲು ತುಂಬಿಸಿ ಕಾರು ಒಪ್ಪಿಸಿದೆವು. ಯುವಕ ಸುತ್ತ ನೋಡಿ ಹಿಂದಿನ ಬಂಪರಿನ ಗೀರು ತೋರಿಸಿದ. ಮಗಳು ಬೆಳಗ್ಗೆ ತೆಗೆದ ಫೋಟೋವನ್ನು ಸಮಯ ಸಹಿತ ಅವನ ಮುಂದೆ ಹಿಡಿದಳು. ಅವನು ಮಾತಾಡದೆ ಕಾಗದಕ್ಕೆ ಸಹಿ ಹಾಕಿದ. ಎರಡು ವಾರದ ನಂತರ ಠೇವಣಿ ಪೂರ್ತಿ ವಾಪಸ್ ಬಂತು, ಅಲ್‌ಹಮ್ದುಲಿಲ್ಲಾಹ್.

ನೀವೂ ಇಂತಹ ಪ್ರವಾಸಕ್ಕೆ ಹೊರಡುವುದಾದರೆ ಕೆಲವು ವಿಷಯಗಳನ್ನು ನೆನಪಿಡಿ. ಬಂದರಿನಲ್ಲಿಳಿಯಲು ವೀಸಾ ಬೇಕೇ ಎಂದು ಹೊರಡುವ ಮೊದಲೇ ವಿಚಾರಿಸಿ. ಪಾಸ್‌ಪೋರ್ಟನ್ನು ಹಡಗಿನವರು ಇಟ್ಟುಕೊಂಡಿದ್ದರೆ ಹಿಂದಿನ ರಾತ್ರಿಯೇ ಕೇಳಿ ಪಡೆಯಿರಿ. ಅಪಘಾತವಾದರೆ ನೀವು ಕೊಡಬೇಕಾದದ್ದೆಷ್ಟು, ವಿಮೆ ಭರಿಸುವುದೆಷ್ಟು ಎಂಬುದನ್ನು ಓದದೆ ಸಹಿ ಹಾಕಬೇಡಿ. ಶುಕ್ರವಾರ ಬೆಳಗ್ಗೆ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಡಗು ನಿಮಗಾಗಿ ಕಾಯುವುದಿಲ್ಲ, ಆದ್ದರಿಂದ ಕೊನೆಯ ಒಂದು ಗಂಟೆಯನ್ನು ಬಂದರಿನ ಆಸುಪಾಸಿನಲ್ಲೇ ಕಳೆಯಿರಿ. ಹತ್ತು ಜಾಗಗಳ ಪಟ್ಟಿ ಮಾಡಬೇಡಿ, ಮನೆಯ ಹಿರಿಯರನ್ನು ಕೇಳಿ ಒಂದೆರಡನ್ನು ಆರಿಸಿಕೊಳ್ಳಿ.

ಇನ್ನೊಂದು ಮಾತು. ಡ್ರೈವಿಂಗ್ ಕಲಿತು ಲೈಸನ್ಸನ್ನು ಬೀರುವಿನಲ್ಲಿಟ್ಟ ಸಹೋದರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇವತ್ತೇ ತೆಗೆದು ಅದರ ಕೊನೆಯ ದಿನಾಂಕ ನೋಡಿ. ಯಾವತ್ತು, ಯಾರಿಗಾಗಿ ಅದು ಬೇಕಾಗುತ್ತದೆಂದು ಹೇಳಲಾಗದು. ನಮ್ಮವರು ಊರಿಗೆ ಬಂದ ಮರುದಿನವೇ ಆರ್‌ಟಿಓ ಕಚೇರಿಗೆ ಹೋಗಿ ತಮ್ಮದನ್ನು ನವೀಕರಿಸಲು ಕೊಟ್ಟರು. ಮಾಮಿಯ ಪೆಟ್ಟಿಗೆಯಲ್ಲಿ ಈಗ ಕಾಗದಗಳ ಜೊತೆ ಆ ಲುಬಾನಿನ ಪೊಟ್ಟಣವಿದೆ. ಪೆಟ್ಟಿಗೆ ತೆರೆದಾಗಲೆಲ್ಲ ಕೋಣೆಯಲ್ಲಿ ಅದರ ಪರಿಮಳ ಹರಡುತ್ತದೆ.