ದುರ್ಯೋಧನನಿಗೆ ವನ್ಸ್ ಮೋರ್

ತುಮಕೂರಿನ ಹೋಟೆಲೊಂದರ ಗೋಡೆಗೆ ಇವತ್ತು ಬೆಳಿಗ್ಗೆ ‘ಕುರುಕ್ಷೇತ್ರ’ ನಾಟಕದ ಹೊಸ ಕರಪತ್ರ ಅಂಟಿಸಿದ್ದರು. ಇಡ್ಲಿಗೆ ಕಾಯುತ್ತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಅದನ್ನು ಮೇಲಿಂದ ಕೆಳಗಿನವರೆಗೆ ಓದಿ, ‘ಕೈಯಿಂದ ದುಡ್ಡು ಕೊಟ್ಟು ಯಾಕಪ್ಪ ಹಿಂಗೆ ಅರಚ್ಕೋತಾರೆ?’ ಎಂದ. ಇನ್ನೊಬ್ಬ ನಕ್ಕ. ನಡೆದದ್ದು ಇಷ್ಟೇ. ಇಡ್ಲಿ ಬಂತು, ಮಾತು ಬೇರೆ ಕಡೆ ಹೊರಳಿತು. ಪಕ್ಕದ ಮೇಜಿನಲ್ಲಿ ಕೂತು ಕೇಳಿಸಿಕೊಂಡವರಿಗೆ ಮಾತ್ರ ಕಾಫಿ ರುಚಿಸಲಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಗಂಡಸರು ಬಾಲ್ಯದಿಂದ ಎದೆಯಲ್ಲಿಟ್ಟುಕೊಂಡ, ರಂಗದ ಮೇಲೆ ಹಾಡುವ ಆಸೆಯೊಂದು ಹೀಗೆ ಒಂದು ನಗೆಯಲ್ಲಿ ಹಾರಿಹೋಗುವುದು ಸಹಿಸುವ ಸಂಗತಿಯಲ್ಲ.

ಹೌದು, ಪಾತ್ರ ಮಾಡುವವರೇ ದುಡ್ಡು ಕೊಡುತ್ತಾರೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ತುಮಕೂರು, ಮಂಡ್ಯ, ಹಾಸನ, ರಾಮನಗರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ, ಜಾತ್ರೆಗೋ ಹಬ್ಬಕ್ಕೋ ಪೌರಾಣಿಕ ನಾಟಕ ಆಡಬೇಕೆಂದು ಊರವರು ಸೇರಿದಾಗ ಪಾತ್ರಕ್ಕೆ ಇಂತಿಷ್ಟು ಎಂದು ಗೊತ್ತು ಮಾಡುತ್ತಾರೆ. ಕೃಷ್ಣ, ದುರ್ಯೋಧನರಿಗೆ ಎಲ್ಲರಿಗಿಂತ ಹೆಚ್ಚು; ಭೀಮ, ಕರ್ಣ, ಅರ್ಜುನ, ಶಕುನಿ ಅವರ ಹಿಂದೆ; ವಿದುರ, ಸಾತ್ಯಕಿಗೆ ಕಡಿಮೆ. ಕೂಡಿದ ಹಣ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆಗೆ, ಬಾಡಿಗೆ ಸೀನರಿಗೆ, ಮೈಕಿಗೆ, ತಬಲದವರಿಗೆ, ಬಣ್ಣ ಹಚ್ಚುವವರಿಗೆ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಹೋಗುತ್ತದೆ. ನೋಡಲು ಬರುವವರಿಗೆ ಟಿಕೆಟ್ ಇಲ್ಲ. ಚಾಪೆ, ಕಂಬಳಿ ಹಿಡಿದು ಊರಿಗೆ ಊರೇ ಬಂದು ಬೆಳಗಿನವರೆಗೆ ಕೂರುತ್ತದೆ. ಒಂದೇ ಪಾತ್ರಕ್ಕೆ ಇಬ್ಬರು ಪಟ್ಟು ಹಿಡಿದರೆ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ದೃಶ್ಯಗಳನ್ನು ಹಂಚಿಕೊಡುತ್ತಾರೆ. ಕೃಷ್ಣನೂ ಹಾಗೆಯೇ ಇಬ್ಬರಾಗುತ್ತಾನೆ. ನಡುರಾತ್ರಿಯಲ್ಲಿ ದುರ್ಯೋಧನನ ಎತ್ತರ ಬದಲಾದರೂ ನೋಡುವವರಿಗೆ ಗೊಂದಲವಾಗುವುದಿಲ್ಲ.

ದುಡಿದ ಹಣವನ್ನು ಪ್ರಿಯವಾದ ಕೆಲಸಕ್ಕೆ ಹಾಕುವುದು ತಪ್ಪೇ ಎಂಬುದು ವಾದ ಮಾಡುವಂಥ ವಿಷಯವೇ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಎಲ್ಲರಿಗೂ ದುರ್ಯೋಧನನೇ ಯಾಕೆ ಬೇಕು?

ಮೀಸೆ, ಗದೆ, ಜರಿಯ ಉಡುಪು, ರಂಗ ನಡುಗುವ ಹೆಜ್ಜೆ ಎಲ್ಲವೂ ಇವೆ. ಆದರೆ ನಿಜವಾದ ಕಾರಣ, ಅವನಿಗೆ ಹಾಡಲು ಸಿಗುವ ಪದ್ಯಗಳು. ದರ್ಪಕ್ಕೆ ಒಂದು, ಅಣಕಕ್ಕೆ ಒಂದು, ಕರ್ಣನ ಸ್ನೇಹಕ್ಕೆ ಒಂದು, ಕೊನೆಗೆ ಎಲ್ಲರನ್ನೂ ಕಳೆದುಕೊಂಡ ದುಃಖಕ್ಕೆ ಒಂದು. ಈ ದುಃಖ ಕನ್ನಡದಲ್ಲಿ ಬಹಳ ಹಳೆಯದು. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮ ವಿಜಯ’ ಬರೆದ. ಕಾವ್ಯದಲ್ಲಿ ಗೆಲ್ಲುವವನು ಭೀಮನೇ. ಓದುವವನ ಮನಸ್ಸು ಹೋಗುವುದು ಮಾತ್ರ ರಣರಂಗದ ಹೆಣಗಳ ನಡುವೆ ಹೆಜ್ಜೆಯಿಡುತ್ತ ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ಕುಸಿಯುವ ದುರ್ಯೋಧನನ ಹಿಂದೆ. ಬಿ.ಎಂ. ಶ್ರೀಕಂಠಯ್ಯನವರು ಅದನ್ನೇ ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ತಂದರು. ಹಳ್ಳಿಯ ದುರ್ಯೋಧನ ರನ್ನನನ್ನು ಓದಿರಲಾರ. ಆದರೆ ರನ್ನ ಎಲ್ಲಿ ಕಣ್ಣೀರು ಹಾಕಿಸಿದನೋ ಇವನೂ ಸರಿಯಾಗಿ ಅಲ್ಲೇ ಜನರ ಕಣ್ಣಲ್ಲಿ ನೀರು ತರಿಸುತ್ತಾನೆ.

ಇನ್ನೊಂದು ನಂಟೂ ಇದೆ. ರನ್ನ ಬಳಸಿದ ಕಂದಪದ್ಯ ನಾಲ್ಕು ಸಾಲಿನದು: ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಕಾಲೇಜಿನಲ್ಲಿ ಲಘು–ಗುರು ಹಾಕಿ ಅಂಕ ಪಡೆದವರು ಪರೀಕ್ಷೆಯ ಮರುದಿನ ಅದನ್ನು ಮರೆಯುತ್ತಾರೆ. ಪೌರಾಣಿಕ ನಾಟಕದಲ್ಲಿ ಮಾತಿನ ನಡುವೆ ಈಗಲೂ ಕಂದ ಬರುತ್ತದೆ, ವೃತ್ತ ಬರುತ್ತದೆ, ಸೀಸಪದ್ಯ ಬರುತ್ತದೆ. ಮಾತ್ರೆಯ ಲೆಕ್ಕ ಅಲ್ಲಲ್ಲಿ ಎಡವಿರಬಹುದು. ಆದರೂ ಛಂದಸ್ಸಿನ ಹೆಸರು ಹೇಳಿ ಹಾಡುವ ರೈತ, ಅದೂ ಪುಸ್ತಕ ನೋಡದೆ ಹಾಡುವ ರೈತ, ಕನ್ನಡ ನಾಡಿನಲ್ಲಿ ಇಂದಿಗೂ ಇದ್ದಾನೆ. ಇದಕ್ಕಿಂತ ದೊಡ್ಡ ಸಾಹಿತ್ಯ ಸಮ್ಮೇಳನ ಬೇಕೆ?

ಹಾಡು ಕೂರುವುದು ಹೇಗೆಂದು ತಿಳಿಯಲು ನಾಟಕದ ದಿನಕ್ಕಿಂತ ಪ್ರಾಕ್ಟೀಸಿನ ರಾತ್ರಿಗೆ ಹೋಗಬೇಕು. ಶಾಲೆಯ ಜಗುಲಿ ಅಥವಾ ದೇವಸ್ಥಾನದ ಪಡಸಾಲೆ, ಒಂದು ಟ್ಯೂಬ್‌ಲೈಟು. ಡೇರಿಗೆ ಹಾಲು ಹಾಕಿ ಒಬ್ಬ ಬರುತ್ತಾನೆ. ಗದ್ದೆಯಲ್ಲಿ ಟಿಲ್ಲರ್ ಓಡಿಸಿ ಸ್ನಾನ ಮಾಡಿ ಇನ್ನೊಬ್ಬ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬೈಕಿನಲ್ಲಿ ಮತ್ತೊಬ್ಬ. ಎಲ್ಲರ ಕೈಯಲ್ಲೂ ಜೆರಾಕ್ಸ್ ಹಾಳೆ. ಪದ್ಯದ ನೆತ್ತಿಯ ಮೇಲೆ ಪೆನ್ನಿನಲ್ಲಿ ಬರೆದ ರಾಗದ ಹೆಸರು: ಮೋಹನ, ಕಾಂಬೋಧಿ, ಭೀಮಪಲಾಸ್. ಮೇಷ್ಟ್ರು ಎಡಗೈಯಲ್ಲಿ ಹಾರ್ಮೋನಿಯಂ ತಿದಿ ಒತ್ತುತ್ತ ಬಲಗೈಯಲ್ಲಿ ಮೋಹನದ ಒಂದು ಎಳೆ ನುಡಿಸಿ, ‘ಹೂಂ, ಹೇಳಿ’ ಎನ್ನುತ್ತಾರೆ. ದುರ್ಯೋಧನ ಎತ್ತುಗಡೆ ಚೆನ್ನಾಗಿಯೇ ಮಾಡುತ್ತಾನೆ. ಮೇಲಿನ ಷಡ್ಜಕ್ಕೆ ಹೋಗುವಾಗ ಕೊರಳು ಕೈಕೊಡುತ್ತದೆ. ಮೇಷ್ಟ್ರು ಬಯ್ಯುವುದಿಲ್ಲ. ಷಡ್ಜದ ಮನೆಯನ್ನು ಬೆರಳಿನಿಂದ ಬಿಡದೆ ಒತ್ತಿ ಹಿಡಿದು, ಅವನು ಅಲ್ಲಿಗೆ ಬಂದು ಸೇರುವವರೆಗೂ ಕಾಯುತ್ತಾರೆ. ‘ಉಸಿರು ಉಳಿಸ್ಕೊಳ್ಳಿ ಗೌಡ್ರೇ, ಕೊನೇ ಸಾಲಿಗೆ ಬೇಕಾಗ್ತದೆ.’ ‘ಇನ್ನೊಂದ್ ಸಲ ನುಡಿಸಿ ಮೇಷ್ಟ್ರೇ.’ ಹೀಗೆ ತಿಂಗಳುಗಟ್ಟಲೆ. ಕೊನೆಗೊಂದು ರಾತ್ರಿ ಸ್ವರವೂ ಕೊರಳೂ ಒಂದೇ ಆಗಿ ನಿಂತಾಗ ಆ ಗೌಡರ ಮುಖ ನೋಡಿದವರು ದುಡ್ಡಿನ ಲೆಕ್ಕ ಕೇಳುವುದಿಲ್ಲ.

ಈ ಹಾರ್ಮೋನಿಯಂ ಪೆಟ್ಟಿಗೆಗೆ ಆಗಿರುವ ಅನ್ಯಾಯದ ಬಗ್ಗೆ ಎಷ್ಟು ಬರೆದರೂ ಸಾಲದು. ಯುರೋಪಿನಿಂದ ಬಂದ ವಾದ್ಯ ನಿಜ. ಕಾಲಿನಿಂದ ತುಳಿಯುವ ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತಿ ನುಡಿಸುವ ಹಾಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಮಾರ್ಪಡಿಸಿದರು. ಅಲ್ಲಿಂದ ಅದು ಭಜನೆ ಮನೆಗೆ, ಕೀರ್ತನೆಗೆ, ನಾಟಕಕ್ಕೆ ಹೊಕ್ಕಿತು. ಕಂಪನಿ ನಾಟಕದವರು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ರಂಗದ ಮುಂದೆ ಕೂತು ಕಾಲಲ್ಲಿ ಗಾಳಿ ತುಂಬುತ್ತ ಎರಡೂ ಕೈಯಲ್ಲಿ ನುಡಿಸಿದರೆ ನಾದ ಕೊನೆಯ ಸಾಲಿನವರೆಗೂ ಹೋಗುತ್ತಿತ್ತು. ಇಂಥ ವಾದ್ಯವನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತು. ಅದರ ಸ್ವರಗಳು ಕದಲುವುದಿಲ್ಲ, ಗಮಕ ಬಾರದು, ನಮ್ಮ ಶ್ರುತಿಗೆ ಒಗ್ಗದು ಎಂಬುದು ಆರೋಪ. ರವೀಂದ್ರನಾಥ ಠಾಕೂರರಂಥವರೂ ಅದನ್ನು ಒಪ್ಪಿದ್ದರು. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂರು ದಶಕ ರೇಡಿಯೊ ಬಾಗಿಲು ಮುಚ್ಚಿದ್ದಾಗಲೂ ನಾಟಕದ ಮೇಷ್ಟ್ರುಗಳು ಅದನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದರು.

ಆರೋಪದಲ್ಲಿ ಹುರುಳಿಲ್ಲವೆಂದಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದು, ನಿಜವೇ. ಆದರೆ ಸ್ವರ ಕದಲುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಸಂಗೀತದ ಪಾಠ ಯಾವತ್ತೂ ಆಗದ, ನಲವತ್ತರ ಮೇಲೆ ಹಾಡಲು ಹೊರಟ ಮನುಷ್ಯನಿಗೆ ಕೆರೆ ಏರಿಯ ಕತ್ತಲಲ್ಲಿ ಮುಂದೆ ಹಿಡಿದ ಲಾಟೀನು ಅದು. ತಂಬೂರಿ ಪಂಡಿತರಿಗೆ ಸಾಕು. ಹಾಡಲು ಆಸೆಪಟ್ಟ ಊರಿಗೆ ಹಾರ್ಮೋನಿಯಂ ಬೇಕು. ಇಷ್ಟು ಜನ ಸಾಮಾನ್ಯರನ್ನು ಶ್ರುತಿಗೆ ತಂದ ಇನ್ನೊಂದು ವಾದ್ಯ ಈ ನಾಡಿನಲ್ಲಿ ಇದ್ದರೆ ಯಾರಾದರೂ ತೋರಿಸಲಿ.

ಹಾಡುವ ಈ ಹಂಬಲ ಬರೀ ಹವ್ಯಾಸವಾಗಿ ಉಳಿಯದೆ ದೊಡ್ಡ ಕಲಾವಿದರನ್ನೂ ಕೊಟ್ಟಿದೆ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಎಂಬ ಹುಡುಗ ಅಣ್ಣನ ಹಿಂದೆ ನಾಟಕ ಕಂಪನಿ ಸೇರಿ ಬಾಲನಟನಾಗಿ ಹಾಡುತ್ತಿದ್ದ. ಆ ಕಂಠ ಕೇಳಿದ ಅಪ್ಪಯ್ಯಸ್ವಾಮಿಗಳು ಕರೆದು ಕಲಿಸಿ, ಮುಂದೆ ಮೀರಜಿನ ನೀಲಕಂಠಬುವಾ ಅವರ ಬಳಿ ಬಿಟ್ಟರು. ಪಂಡಿತ ಮಲ್ಲಿಕಾರ್ಜುನ ಮನಸೂರರ ಸಂಗೀತದ ದಾರಿ ನಾಟಕದ ಪರದೆಯ ಹಿಂದಿನಿಂದಲೇ ಶುರುವಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದವರೂ ನಾಟಕ ಕಂಪನಿ ಕಟ್ಟಿ ಅಂಧ ಕಲಾವಿದರನ್ನು ರಂಗದ ಮೇಲೆ ನಿಲ್ಲಿಸಿದರು.

ತುಮಕೂರಿನ ಪಕ್ಕದ ಗುಬ್ಬಿಯ ಕತೆ ಯಾರಿಗೆ ಗೊತ್ತಿಲ್ಲ? 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನ ಮನೆಮಾತು ಮಾಡಿದರು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಆಡಿದಾಗ ನಿಜವಾದ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಅದೇ ಕಂಪನಿಯಲ್ಲಿ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಮಗ ಮುತ್ತುರಾಜನೂ ಬಣ್ಣ ಹಚ್ಚಿದ. 1954ರಲ್ಲಿ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಪರದೆಗೆ ಬಂದ ಆ ಹುಡುಗನಿಗೆ ಬಹುಕಾಲ ಪಿ.ಬಿ. ಶ್ರೀನಿವಾಸರೇ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ‘ಜೀವನ ಚೈತ್ರ’ದ ತೋಡಿ ರಾಗದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ‘ಬಬ್ರುವಾಹನ’ದಲ್ಲಿ ಅರ್ಜುನನೂ ಬಬ್ರುವಾಹನನೂ ಎದುರುಬದುರು ನಿಂತು ಹಾಡುವ ಜಗಳವಂತೂ ಅಪ್ಪಟ ಕಂಪನಿ ನಾಟಕ. ಹಳ್ಳಿಯ ಆರ್ಕೆಸ್ಟ್ರಾದಲ್ಲಿ ಇಬ್ಬರು ಗಂಡಸರಿಗೆ ಮೈಕ್ ಸಿಕ್ಕಿದರೆ ಇವತ್ತಿಗೂ ಅದೇ ಹಾಡು.

ನಾಟಕದ ರಾತ್ರಿಗೆ ಮತ್ತೆ ಬರೋಣ. ಮೇಲಿನಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದು ನಿಂತು ದುರ್ಯೋಧನ ಕಂದ ಮುಗಿಸುತ್ತಾನೆ. ಹಿಂದಿನಿಂದ ‘ವನ್ಸ್ ಮೋರ್!’ ಕೂಗು. ಮೇಷ್ಟ್ರು ಕತ್ತೆತ್ತಿ ನೋಡಿ ಮತ್ತೆ ಶ್ರುತಿ ಹಿಡಿಯುತ್ತಾರೆ. ಎರಡನೇ ಸಲ ಮುಗಿಯುವಷ್ಟರಲ್ಲಿ ಭಾವಮೈದುನ ನೋಟಿನ ಹಾರ ಹಿಡಿದು, ಮಗಳು ಶಾಲು ಹಿಡಿದು ರಂಗ ಹತ್ತುತ್ತಾರೆ. ಎದುರಿಗಿದ್ದ ಭೀಮ ಗದೆ ಇಳಿಸಿ ನಿಲ್ಲುತ್ತಾನೆ. ರಸಭಂಗ ಎಂದು ಪೇಟೆಯ ರಂಗಕರ್ಮಿಗಳು ಇದಕ್ಕೆ ಬೇಸರಪಡುತ್ತಾರೆ. ಆ ಬೇಸರ ಇಲ್ಲಿಗೆ ಸಲ್ಲದು. ಇಲ್ಲಿ ಕೂತವರಿಗೆ ಹಸ್ತಿನಾವತಿಯ ದೊರೆಯೂ ಬೇಕು, ಅವನ ಒಳಗಿರುವ ತಮ್ಮೂರಿನ ಮನುಷ್ಯನೂ ಬೇಕು. ವರ್ಷವಿಡೀ ಸಾಲ, ಮಳೆ, ಕೋರ್ಟು ಎಂದು ತಲೆ ತಗ್ಗಿಸಿ ನಡೆದವನನ್ನು ಒಂದು ರಾತ್ರಿ ತಲೆಯೆತ್ತಿ ನೋಡುವ ಸಂತೋಷ ಊರಿಗೂ ಸಿಗಬೇಕಲ್ಲ.

ಅದೇ ರಾತ್ರಿ, ಅದೇ ಮೈಕಿನ ಕೆಳಗೆ ಹಾಡುವ ದ್ರೌಪದಿಯ ಕಡೆಗೂ ಕಣ್ಣು ಹೋಗಬೇಕು. ಅವಳು ಪಾತ್ರಕ್ಕೆ ದುಡ್ಡು ಕೊಟ್ಟವಳಲ್ಲ, ಹಾಡಿ ಹೊಟ್ಟೆ ಹೊರೆಯುವವಳು. ಇವತ್ತು ಈ ಊರಿನಲ್ಲಿ ದ್ರೌಪದಿ, ನಾಳೆ ಇನ್ನೊಂದು ಊರಿನಲ್ಲಿ ಕುಂತಿ ಅಥವಾ ಸೀತೆ. ಯಾವ ನಾಟಕದ ಯಾವ ಪದ್ಯ ಕೇಳಿದರೂ ಬಾಯಲ್ಲೇ ಇದೆ. ಎದುರಿನ ಗೌಡರ ಶ್ರುತಿ ಎಲ್ಲಿದೆಯೋ ಅಲ್ಲಿಗೆ ತನ್ನ ಹಾಡನ್ನು ಹೊಂದಿಸುತ್ತಾಳೆ. ಅವರು ಮಾತು ಮರೆತರೆ ತುಟಿ ಕದಲದ ಹಾಗೆ ಮುಂದಿನ ಮಾತು ಎತ್ತಿಕೊಡುತ್ತಾಳೆ. ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಕಂಪನಿ ರಂಗದಲ್ಲಿ ಹಾಡಿ ಹೆಸರಾದವರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗಗೀತೆಗಳನ್ನು ಇಂದಿನ ಕಿವಿಗಳಿಗೆ ಮುಟ್ಟಿಸಿ, ರಾಜ್ಯಸಭೆಯವರೆಗೆ ಹೋಗಿ ಬಂದರು. ಹಳ್ಳಿ ನಾಟಕದ ದ್ರೌಪದಿಯರಿಗೆ ಅಂಥ ಹೆಸರು ಬರಲಿಲ್ಲ. ಅವರಿಲ್ಲದೆ ಒಂದೇ ಒಂದು ‘ಕುರುಕ್ಷೇತ್ರ’ವೂ ಮೇಲೇಳುವುದಿಲ್ಲ.

ಆದ್ದರಿಂದ ನಾಟಕ ಕಟ್ಟುವ ಊರಿನವರಲ್ಲಿ ಒಂದು ಕೋರಿಕೆ. ಕಲಾವಿದೆಯರಿಗೆ ಬಣ್ಣ ಹಚ್ಚಲು ಬಾಗಿಲಿರುವ ಒಂದು ಕೋಣೆ ಕೊಡಿ. ಸಂಭಾವನೆಯಲ್ಲಿ ಚೌಕಾಶಿ ಮಾಡಬೇಡಿ. ನೋಟಿನ ಹಾರಗಳಲ್ಲಿ ಒಂದನ್ನು ಅವರಿಗೆ, ಇನ್ನೊಂದನ್ನು ಹಾರ್ಮೋನಿಯಂ ಮೇಷ್ಟ್ರಿಗೆ ಎತ್ತಿಡಿ. ದ್ರೌಪದಿ ಪದ್ಯ ಮುಗಿಸಿದಾಗಲೂ ದುರ್ಯೋಧನನಿಗೆ ಕೂಗಿದಷ್ಟೇ ಗಟ್ಟಿಯಾಗಿ ವನ್ಸ್ ಮೋರ್ ಕೂಗಿ.