ಚಿಮ್ಮಡದ ಬೆಲ್ಲಕ್ಕೊಂದು ಗುರುತು

ಮಹಾಲಿಂಗಪುರದಿಂದ ಚಿಮ್ಮಡಕ್ಕೆ ಹೊರಟರೆ ದಾರಿಯುದ್ದಕ್ಕೂ ಕಬ್ಬಿನ ಹೊಲಗಳು. ಕಟಾವಿನ ದಿನಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ನಿಧಾನವಾಗಿಯೇ ಸಾಗಬೇಕು. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲ್ಲೂಕಿನ ಊರಿದು. ನಾನೂ ಮಗಳೂ ಗಾಣದ ಮನೆಯೊಂದರ ಮುಂದೆ ಇಳಿದಾಗ ಕಬ್ಬಿನ ಹಾಲು ಕುದಿಯುವ ವಾಸನೆ ಘಮ್ಮೆಂದಿತು.

ಅಗಲವಾದ ಕಡಾಯಿಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಕುದಿಯುವ ಹಾಲಿಗೆ ಬೆಂಡೆಗಿಡದ ಲೋಳೆ ಹಾಕಿದರು. ಕೊಳೆಯೆಲ್ಲ ನೊರೆಯಾಗಿ ಮೇಲೆದ್ದಿತು, ಅದನ್ನು ತೆಗೆದು ಚೆಲ್ಲಿದರು. ಪಾಕ ಗಟ್ಟಿಯಾದ ಮೇಲೆ ಅಚ್ಚಿಗೆ ಸುರಿದರೆ ಬೆಲ್ಲದ ಪೆಂಟಿ ಸಿದ್ಧ. ಒಂದು ಟನ್ ಕಬ್ಬಿಗೆ ಸಿಗುವುದು ಸುಮಾರು 100 ಕಿಲೋ ಬೆಲ್ಲ.

ಪೆಂಟಿ ಕಂದು ಬಣ್ಣದ್ದಾಗಿತ್ತು. “ಅಜ್ಜಾ, ಅಂಗಡ್ಯಾಗಿನ ಬೆಲ್ಲ ಹಳದಿ ಇರತೈತಲ್ಲ?” ಎಂದಳು ಮಗಳು.

“ಪುಡಿ ಹಾಕಿದ್ರ ಹಳದಿ ಆಗತೈತಿ, ಯವ್ವಾ. ನಾವು ಹಾಕೂದಿಲ್ಲ. ಆದ್ರ ಪ್ಯಾಟ್ಯಾಗ ಬಣ್ಣ ನೋಡಿ ರೊಕ್ಕಾ ಕೊಡತಾರ. ನಮ್ಮ ಬೆಲ್ಲಕ್ಕ ಕಡಿಮಿ.”

ಮಗಳು ನನ್ನ ಮುಖ ನೋಡಿದಳು. ಒಳ್ಳೆಯ ಬೆಲ್ಲಕ್ಕೇ ಕಡಿಮೆ ಬೆಲೆಯೇ? ಕೊಳ್ಳುವವರಿಗೆ ಬಣ್ಣ ಕಾಣುತ್ತದೆ, ಮಾಡಿದವರ ದುಡಿಮೆ ಕಾಣುವುದಿಲ್ಲ.

ಈ ತೊಡಕು ಚಿಮ್ಮಡದ್ದು ಮಾತ್ರವಲ್ಲ. ಮೆಕ್ಸಿಕೋದ ಸಣ್ಣ ಕಾಫಿ ಬೆಳೆಗಾರರಿಗೂ ಬೆಲೆ ಸಿಗುತ್ತಿರಲಿಲ್ಲ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅವರ ಕಾಫಿ ಪೊಟ್ಟಣದ ಮೇಲೆ ‘ಮ್ಯಾಕ್ಸ್ ಹವೆಲಾರ್’ ಎಂಬ ಗುರುತು ಬಂತು. ಇಂದು ‘ಫೇರ್‌ಟ್ರೇಡ್’ ಎಂಬ ಗುರುತು ಕಾಫಿ, ಚಹಾ, ಹತ್ತಿ, ಕಬ್ಬಿನ ಸಕ್ಕರೆಯ ಮೇಲೂ ಇದೆ. ಸರಕಿಗೆ ಈ ಗುರುತು ಬೇಕಾದರೆ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ಸರಕಿನ ಬೆಲೆಯ ಜೊತೆಗೆ ಬೆಳೆಗಾರರ ಸಂಘಕ್ಕೆ ಒಂದಿಷ್ಟು ಹೆಚ್ಚಿನ ಹಣ ಸಲ್ಲಬೇಕು. ಆ ಹಣ ಶಾಲೆಗೋ ಬಾವಿಗೋ ಎಂದು ಸದಸ್ಯರೇ ಕೂಡಿ ತೀರ್ಮಾನಿಸುತ್ತಾರೆ.

ಇದನ್ನೆಲ್ಲ ಹೇಳಿದಾಗ ಅಜ್ಜ ಕೇಳಿದರು: “ಆ ಗುರ್ತಿಗೆ ಎಷ್ಟ ರೊಕ್ಕಾ?”

ಸರಿಯಾದ ಪ್ರಶ್ನೆಯೇ. ಗುರುತು ಪುಕ್ಕಟೆ ಸಿಗುವುದಿಲ್ಲ. ಶುಲ್ಕ ಕಟ್ಟಬೇಕು, ಲೆಕ್ಕ ಬರೆದಿಡಬೇಕು, ಪರೀಕ್ಷಕರು ಬಂದು ನೋಡಬೇಕು. ಒಂಟಿ ಗಾಣಕ್ಕೆ ಇದು ಭಾರ, ಹತ್ತಾರು ಗಾಣದವರು ಕೂಡಿದರೆ ಹಗುರ. ಕೂಡುವುದು ನಮ್ಮ ಸೀಮೆಗೆ ಹೊಸದೇನಲ್ಲ. 1905ರಲ್ಲಿಯೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದ್ದರು.

“ಕೂಡೂದ ಕಠಿಣ ನೋಡ್ರಿ,” ಎಂದು ಅಜ್ಜ ನಕ್ಕರು. ಹೊರಡುವಾಗ ಮಗಳ ಅಂಗೈಗೆ ಬಿಸಿ ಬೆಲ್ಲದ ತುಣುಕಿಟ್ಟರು.

ಮನೆಗೆ ತಂದ ಪೆಂಟಿಯ ಮೇಲೆ ಯಾವ ಗುರುತೂ ಇರಲಿಲ್ಲ. ಬೆಲ್ಲದ ಡಬ್ಬಿಗೆ ಮಗಳೇ ಒಂದು ಚೀಟಿ ಅಂಟಿಸಿದಳು: ‘ಚಿಮ್ಮಡ. ಅಜ್ಜ ಮಾಡಿದ್ದು. ಪುಡಿ ಹಾಕಿಲ್ಲ.’ ಈಗ ಅಂಗಡಿಗೆ ಹೋದಾಗಲೆಲ್ಲ ಅವಳ ಪ್ರಶ್ನೆ ಒಂದೇ: “ಇದನ್ನ ಯಾರು ಮಾಡ್ಯಾರ? ಅವರಿಗೆ ಎಷ್ಟು ಸಿಕ್ಕೈತಿ?”