ತಿರುಪು ಯಾವ ಕಡೆಗೆ?

ಹೋದ ಬೇಸಿಗೆ ಟೆಕ್ಸಾಸಿನಲ್ಲಿ ಭಾವಮೈದನ ಮನೆಯಲ್ಲಿದ್ದೆ. ಗುರಿ ಅಭ್ಯಾಸಕ್ಕೆಂದು ಅವನು ರಿವಾಲ್ವರ್ ಕೊಳ್ಳಲು ಹೊರಟ. "ಎನ್.ಸಿ.ಸಿ.ಯಲ್ಲಿ ಗುಂಡು ಹೊಡೆದವರು, ನೀವೇ ಆರಿಸಿ ಭಾವ" ಎಂದ. ಪ್ರವಾಸಿಯಾದ ನಾನು ಅದನ್ನು ಹಿಡಿಯಲು ಕಾನೂನಿನ ಅಡ್ಡಿ, ಮಾತಿಗೆ ಅಡ್ಡಿಯುಂಟೆ? ಮೇಷ್ಟರ ಬಾಯಿ!

ಪಾಯಿಂಟ್ ಇಪ್ಪತ್ತೆರಡೇ ಸರಿ ಎಂದೆ: ತೋಟಾ ಅಗ್ಗ, ಒದೆತ ಅಲ್ಪ. ಅದರ ಕಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ; ಪೆಟ್ಟು ಬೀಳುವುದೂ ಅಲ್ಲಿಗೇ. ತೋಟಾ ತುಂಬದೆ ಕುದುರೆ ಬಡಿಸಿದರೆ ಕೆಲವು ರಿವಾಲ್ವರುಗಳ ಗೂಡಿನ ಅಂಚೇ ನಗ್ಗುತ್ತದೆ. 1953ರಲ್ಲಿ ಹುಟ್ಟಿದ ರೂಗರ್ ಸಿಂಗಲ್ ಸಿಕ್ಸ್ ವಂಶದ್ದೊಂದನ್ನು ಆರಿಸಿದೆವು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಎತ್ತಬೇಕು; ಆತುರಗಾರನಿಗೆ ಅದೇ ಹಿತ.

ಮೈದಾನದಲ್ಲಿ ಅವನ ಆರು ಗುಂಡುಗಳೂ ಒತ್ತಾಗಿ ಎಡಕ್ಕೆ ಬಿದ್ದವು. ಗುಂಡು ಎತ್ತ ಹೋಗಬೇಕೋ ಹಿಂದಿನ ಗುರಿಕಚ್ಚನ್ನು ಅತ್ತಲೇ, ಅಂದರೆ ಬಲಕ್ಕೆ, ಸರಿಸಬೇಕು. ತಿರುಪು ಯಾವ ಕಡೆಗೆ? ಕೈಪಿಡಿಯನ್ನು ತೋಳುದ್ದ ಹಿಡಿದೆ, ಅಕ್ಷರಗಳೆಲ್ಲ ಇರುವೆಸಾಲು. ಓದಿದವನಂತೆ ಏನೋ ಹೇಳಿಬಿಟ್ಟೆ. ಮುಂದಿನ ಆರು ಇನ್ನೂ ಎಡಕ್ಕೆ!

ಅವನು ಕೈಪಿಡಿ ಈಸಿಕೊಂಡು ಓದಿದ; ಏನೂ ಅನ್ನಲಿಲ್ಲ. ಎರಡು ವರ್ಷದಿಂದ ಪಠ್ಯದ ಅಚ್ಚು ಮಂಕೆಂದು ಹುಡುಗರೆದುರು ಮುದ್ರಕನನ್ನು ಬಯ್ಯುತ್ತ, ಪದ್ಯಗಳನ್ನು ನೆನಪಿನಿಂದಲೇ ಹೇಳುತ್ತಿದ್ದೆ. ಎಷ್ಟು ಸಾಲು ತಪ್ಪಿದೆನೋ! ಊರಿಗೆ ಬಂದೊಡನೆ ಕನ್ನಡಕ ಮಾಡಿಸಿದೆ.